ಕ್ಯಾಂಡಿಗೆ ಹೋಗಿ ಬಂದ ಕಬ್ಬೆಕ್ಕು

ಸೊಲ್ಲಾಪುರ

ನಾನು ಸಿಂಹಳಕ್ಕೆ ಹೋದದ್ದು ಒಂದು ಸತ್ತ ಕಬ್ಬೆಕ್ಕಿನ ಸಲುವಾಗಿ. ಹೀಗೆ ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಬ್ಬೆಕ್ಕು ಎಂದರೇನು ಎಂದು ಕೇಳುತ್ತಾರೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಬೆಕ್ಕಿಗಿಂತ ಉದ್ದ ಮೈ, ಹೆಚ್ಚುಕಡಿಮೆ ಮೈಯಷ್ಟೇ ಉದ್ದದ ಬಾಲ, ಚೂಪು ಮೂತಿ, ಬೆನ್ನ ಮೇಲೆ ಕಪ್ಪು ಪಟ್ಟೆ. ಹಗಲೆಲ್ಲ ಯಾರದಾದರೂ ಅಟ್ಟದಲ್ಲೋ ಈಚಲ ಮರದಲ್ಲೋ ಮಲಗಿರುತ್ತದೆ. ಕತ್ತಲಾದ ಮೇಲೆ ಹಣ್ಣು, ಇಲಿ, ಮರಕ್ಕೆ ಕಟ್ಟಿದ ಗಡಿಗೆಯಲ್ಲಿನ ಶಿಂದಿ, ಸಿಕ್ಕಿದ್ದನ್ನು ಮುಗಿಸುತ್ತದೆ. ನಮ್ಮ ಅಕ್ಕಲಕೋಟ ಕಡೆ ಮರಾಠಿ ಮಾತಾಡುವವರು ಅದನ್ನು ಉದಮಾಂಜರ ಎಂದು ಕರೆದು ಬೆಕ್ಕಿನ ಲೆಕ್ಕಕ್ಕೆ ಹಾಕಿದ್ದಾರೆ. ತಮಿಳರು ಮರನಾಯಿ ಎಂದು ಕರೆದು ನಾಯಿಯ ಲೆಕ್ಕಕ್ಕೆ ಹಾಕಿದ್ದಾರೆ. ಪುಸ್ತಕದ ಪ್ರಕಾರ ಅದು ಎರಡೂ ಅಲ್ಲ, ಪುನುಗಿನ ಕುಟುಂಬದ್ದು, ಮುಂಗುಸಿಗೆ ದೂರದ ನೆಂಟ. ಅದರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ನಾನು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅಂದರೆ ಕಪ್ಪೆಯ ಬಗ್ಗೆ ಪ್ರೊಫೆಸರರು ಮಾತಾಡುತ್ತಿದ್ದರು, ಕಪ್ಪೆಯನ್ನು ನಾನು ಕೊಯ್ಯುತ್ತಿದ್ದೆ. ನೌಕರಿ ಹಂಗಾಮಿ. ಅಪ್ಪ ಬಟ್ಟೆ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದ. ಗಿರಣಿಯ ಹಿಂದಿನ ಚಾಳಿನ ಒಂದು ಖೋಲಿಯಲ್ಲಿ ಅಪ್ಪ, ಅವ್ವ, ನಾನು ಇದ್ದೆವು. ನಮ್ಮ ಮೂಲ ಊರು ಚಪಳಗಾಂವದ ಹತ್ತಿರದ ಒಂದು ವಾಡಿ.

ಇದು ನಾವು ಬೌದ್ಧರಾದ ಮರುವರ್ಷದ ಮಾತು. ವಾಡಿಯಲ್ಲಿ ಸತ್ತ ದನ ಹೊತ್ತು ಊರ ಹೊರಗೆ ಹಾಕುವುದು ತಲೆತಲಾಂತರದಿಂದ ನಮ್ಮವರ ಪಾಲಿನ ಕೆಲಸವಾಗಿತ್ತು. ದೀಕ್ಷೆ ತೆಗೆದುಕೊಂಡು ಬಂದ ಮೇಲೆ ನಮ್ಮ ಮನೆಗಳೆಲ್ಲ ಕೂಡಿ ಇನ್ನು ಹೊರುವುದಿಲ್ಲ ಎಂದು ಹೇಳಿದವು. ಚಾವಡಿಯ ಮುಂದೆ ನಿಂತು ಅದನ್ನು ಬಾಯಿಬಿಟ್ಟು ಹೇಳಿದವನು ನನ್ನ ಅಪ್ಪ. ಅದಾದ ಮೇಲೆ ಎತ್ತು ಸತ್ತರೆ ಅದರ ಒಡೆಯನೇ ಹಗ್ಗ ಹಿಡಿಯಬೇಕಾಯಿತು. ಎತ್ತು ಇಷ್ಟು ಭಾರ ಇರುತ್ತದೆ ಎಂದು ಊರಿಗೆ ಆಗ ಗೊತ್ತಾಯಿತು.

ಆ ಬೇಸಿಗೆಯಲ್ಲಿ ವಾಡಿಯ ಬೀರದೇವರ ಗುಡಿಯ ಪೂಜಾರಿ ಮಾಳಪ್ಪ ಬಸ್ಸಿನವನ ಕೈಲಿ ಹೇಳಿ ಕಳಿಸಿದ. ಗುಡಿಯ ಮೆಟ್ಟಿಲ ಮೇಲೆ ಒಂದು ಉದಮಾಂಜರ ಸತ್ತು ಬಿದ್ದಿದೆ, ನಿಮ್ಮವರು ಬಂದು ಒಯ್ಯಬೇಕು. ಅಪ್ಪ, ಯಾರೂ ಹೋಗತಕ್ಕದ್ದಲ್ಲ ಎಂದ. ನಾನು ಮರುದಿನ ಅಕ್ಕಲಕೋಟದ ಬಸ್ಸು ಹತ್ತಿದೆ. ಕಾಲೇಜಿನ ಸಂಗ್ರಹದಲ್ಲಿ ಆ ಪ್ರಾಣಿ ಇರಲಿಲ್ಲ.

ಮಾಳಪ್ಪ ಮೈತುಂಬ ಭಂಡಾರದ ಪುಡಿ ಬಡಿದುಕೊಂಡು ಗುಡಿಯ ಬಾಗಿಲಲ್ಲಿ ನಿಂತಿದ್ದ.

"ಬಂದ್ಯಾ? ಒಯ್ಯಿ. ನಿನ್ನಿಯಿಂದ ಬಿದ್ದೈತಿ."

"ಎಲ್ಲಿ ಇರ್ತಿತ್ತು ಇದು?"

"ದೇವರ ಅಟ್ಟದಾಗ. ಭಾಳ ವಯಸ್ಸಾಗಿತ್ತು. ದೇವರದು ನೋಡು, ಅದಕ್ಕ ನಾವ್ಯಾರೂ ಮುಟ್ಟಿಲ್ಲ."

ದೇವರದೆಂದು ಅವರು ಮುಟ್ಟಲಿಲ್ಲ, ಮುಟ್ಟುವುದಕ್ಕೆ ನನ್ನನ್ನು ಕರೆಸಿದರು. ನಾನು ಟವೆಲಿನಲ್ಲಿ ಸುತ್ತಿಕೊಂಡು ಬಂದೆ. ಬಿಸಿಲಿಗೆ ಹಿಡಿದರೆ ಅದರ ತುಪ್ಪಳ ಹಳದಿಯಾಗಿ ಹೊಳೆಯುತ್ತಿತ್ತು, ಬೆನ್ನಿನ ಪಟ್ಟೆ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು.

ಖೋಲಿಯಲ್ಲಿ ಅಪ್ಪ ಗಿರಣಿಗೆ ಹೊರಡಲು ಅಂಗಿ ಹಾಕುತ್ತಿದ್ದ. ಟವೆಲು ನೋಡಿದ.

"ಹೊರೋದು ಬಿಟ್ಟೀವಿ ಅಂತ ಇಡೀ ಊರ ಮುಂದ ನಿಂತು ಹೇಳಿ ಬಂದೀನಿ. ನೀ ಹೋಗಿ ಬೆಕ್ಕು ಹೊತ್ತು ತಂದಿ."

"ಅಪ್ಪಾ, ಇದು ಶಾಸ್ತ್ರದ ಕೆಲಸ."

"ಅವರು ಕರದ್ರು, ನೀ ಹ್ವಾದಿ. ಇದರಾಗ ಶಾಸ್ತ್ರ ಎಲ್ಲಿ ಬಂತು?"

ಬಹಳ ದಿನಗಳವರೆಗೆ ಅವನು ನನ್ನೊಡನೆ ನೇರವಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ಎಲ್ಲ ಅವ್ವನ ಮೂಲಕ. ನಾನು ಕೈಯಳತೆಯಲ್ಲಿ ಕೂತಿದ್ದರೂ "ಅವಗ ಹೇಳು, ಕಂದೀಲು ಸಣ್ಣ ಮಾಡಂತ" ಅನ್ನುತ್ತಿದ್ದ. ಅವ್ವ ನನ್ನ ಕಡೆ ತಿರುಗಿ "ಕಂದೀಲು ಸಣ್ಣ ಮಾಡಬೇಕಂತ" ಅನ್ನುತ್ತಿದ್ದಳು. ನಾನು ಸಣ್ಣ ಮಾಡುತ್ತಿದ್ದೆ.

ಚರ್ಮ ಸುಲಿದು, ಒಳಮೈಗೆ ಉಪ್ಪು ಪಟಿಕ ಹಚ್ಚಿ ಒಣಗಿಸಿ ಹತ್ತಿ ತುಂಬಿ, ತಲೆಬುರುಡೆಯನ್ನು ಬೇರೆಯಾಗಿ ಸ್ವಚ್ಛ ಮಾಡಿ ಕಾಲೇಜಿಗೆ ಒಯ್ದೆ. ಪ್ರೊಫೆಸರರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ನಕ್ಷೆ ಬಿಡಿಸಿದರು. ಕಬ್ಬೆಕ್ಕುಗಳಲ್ಲಿ ಹಲವು ಬಗೆ. ಸಾದಾ ಕಬ್ಬೆಕ್ಕು ನಮ್ಮಿಂದ ಹಿಡಿದು ಜಾವಾದ ಆಚೆಯವರೆಗೆ ಎಲ್ಲ ಕಡೆ. ಕಂದು ಬಣ್ಣದ್ದು ಸಹ್ಯಾದ್ರಿಯ ಕಾಡಿನಲ್ಲಿ ಮಾತ್ರ. ಮುಖಕ್ಕೆ ಬಿಳಿ ಬಳಿದುಕೊಂಡದ್ದು ಹಿಮಾಲಯದಿಂದ ಚೀನದವರೆಗೆ. ಆಫ್ರಿಕದಲ್ಲಿ ಒಂದಿದೆ, ಅದನ್ನು ಉಳಿದವುಗಳ ಪಂಕ್ತಿಯಲ್ಲಿ ಕೂಡಿಸಬೇಕೋ ಬೇಡವೋ ಎಂದು ಪಂಡಿತರಲ್ಲಿ ಜಗಳವಿದೆ. ಕೊನೆಗೆ ಬಂಗಾರದ ಬಣ್ಣದ್ದು. ಅದು ಸಿಂಹಳ ದ್ವೀಪ ಬಿಟ್ಟು ಜಗತ್ತಿನಲ್ಲಿ ಎಲ್ಲೂ ಇಲ್ಲ.

"ಇರಲಿಲ್ಲ," ಎಂದರು ಪ್ರೊಫೆಸರರು, "ಇಲ್ಲಿಯವರೆಗೆ." ಸಿಂಹಳದ ಸುತ್ತ ಇದ್ದ ಗೆರೆಯನ್ನು ಪೆನ್ಸಿಲಿನಿಂದ ಸಮುದ್ರ ದಾಟಿಸಿ ಅಕ್ಕಲಕೋಟ ತಾಲೂಕಿಗೆ ತಂದು ನಿಲ್ಲಿಸಿದರು. ಅಲ್ಲಿಯ ಚರ್ಮಗಳ ಪಕ್ಕ ಇಟ್ಟು ನೋಡಿ ಖಾತ್ರಿ ಮಾಡಿಕೊಂಡು ಬಂದರೆ ನನ್ನ ನೌಕರಿ ಕಾಯಂ ಆಗುವುದರಲ್ಲಿ ಅನುಮಾನವಿಲ್ಲ ಎಂದರು. ನನಗೆ ನೌಕರಿಗಿಂತ ಬೇರೊಂದು ಬೇಕಾಗಿತ್ತು. ನಾನು ಹೊತ್ತದ್ದು ಹಳೇ ಹೊರೆಯಲ್ಲ, ಯಾರಿಗೂ ಗೊತ್ತಿರದ ಹೊಸದೊಂದು ಎಂದು ಅಪ್ಪನ ಎದುರು ನಿಂತು ಹೇಳಬೇಕಾಗಿತ್ತು.

ಆ ವರ್ಷ ಸೊಲ್ಲಾಪುರದಿಂದ ಹೊಸ ಬೌದ್ಧರ ಒಂದು ಯಾತ್ರೆಯ ತಂಡ ಸಿಂಹಳಕ್ಕೆ ಹೊರಟಿತ್ತು. ನಾನೂ ಸೇರಿಕೊಂಡೆ. ಅವ್ವ ನಿಲ್ದಾಣಕ್ಕೆ ಬಂದಳು. "ನಿಮ್ಮಪ್ಪ ಹೇಳ್ಯಾನ, ಅಲ್ಲಿ ನೀರು ಕಾಸಿ ಕುಡಿ ಅಂತ" ಎಂದಳು.

ಮಂಡಪಂ

ಸಿಂಹಳಕ್ಕೆ ಹೋಗುವವರನ್ನು ರಾಮೇಶ್ವರದ ಇತ್ತ ಮಂಡಪಂನಲ್ಲಿ ಇಳಿಸಿ, ಮೈಯಲ್ಲಿ ರೋಗವಿದೆಯೇ ಎಂದು ನೋಡಿ ಮುಂದೆ ಬಿಡುತ್ತಾರೆ. ಮರಳು, ತಗಡಿನ ಮನೆಗಳು, ಸಾಲು. ನಮ್ಮ ಕಡೆಯ ಬೋರಾಮಣಿಯ ಮಾಳದಂತೆ ಕಣ್ಣು ಹೋದಷ್ಟು ದೂರ ಏನೂ ಇಲ್ಲ, ಕೊನೆಯಲ್ಲಿ ಮಾತ್ರ ಹುಲ್ಲಿನ ಬದಲು ನೀರು.

ನಮ್ಮ ತಂಡದಲ್ಲಿ ತಾನವ್ವ ಎಂಬ ಮುದುಕಿ ಇದ್ದಳು. ಗಿರಣಿಯಲ್ಲಿ ಬಾಬಿನ್ ತುಂಬುವ ಕೆಲಸ ಮಾಡಿ ಬಿಟ್ಟವಳು. ಸೊಲ್ಲಾಪುರ ಬಿಟ್ಟಾಗಿನಿಂದ ತನ್ನ ಜೋಳದ ಖಡಕ್ ಭಕ್ರಿ, ಶೇಂಗಾ ಚಟ್ನಿಯ ಗಂಟನ್ನು ನನ್ನ ತಗಡಿನ ಪೆಟ್ಟಿಗೆಯ ಮೇಲೆ ಇಟ್ಟಿದ್ದಳು. ಒಳಗೆ ಏನಿದೆ ಎಂದು ಇಲ್ಲಿ ತಪಾಸಣೆಯ ಹೊತ್ತಿಗೆ ಅವಳಿಗೆ ತಿಳಿಯಿತು.

"ಯಪ್ಪಾ, ಸೊಲ್ಲಾಪುರದಿಂದ ಹೆಣದ ಮ್ಯಾಲ ಇಟ್ಟು ತಿಂದೀನಲ್ಲೋ."

"ಹೆಣ ಅಲ್ಲವ್ವ, ಚರ್ಮ."

"ಚಟ್ನಿ ಏನೂ ಕೆಟ್ಟಿಲ್ಲ ಬಿಡು" ಎಂದು ಗಂಟನ್ನು ಮತ್ತೆ ಅಲ್ಲೇ ಇಟ್ಟಳು.

ತಪಾಸಣೆಯವರು ಮನುಷ್ಯರಿಗೆಲ್ಲ ಸಿಡುಬಿಗೆ ದೇವಿ ಹಾಕಿಸಿದೆಯೇ ಎಂದು ಕೇಳುತ್ತಿದ್ದರು. ನನ್ನ ಪೆಟ್ಟಿಗೆ ತೆರೆದು, ಇದಕ್ಕೆ ಹಾಕಿಸಿದೆಯೇ ಎಂದು ಕೇಳಿದರು. ಇದು ಸತ್ತಿದೆ ಎಂದೆ. ಯಾವ ರೋಗದಿಂದ ಎಂದರು. ವಯಸ್ಸಿನಿಂದ ಎಂದೆ. ಅದು ಅಂಟುವುದಿಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು.

ತಲೈಮನ್ನಾರ್

ಹಡಗು ಅಂದರೆ ಬಹಳ ಹೊತ್ತು ಇರುತ್ತದೆ ಅಂದುಕೊಂಡಿದ್ದೆ. ತಾನವ್ವ ವಾಂತಿ ಮಾಡಿಕೊಳ್ಳಲು ಶುರು ಮಾಡಿ ಮುಗಿಸುವುದರೊಳಗೆ ಪರದೇಶ ಬಂದಿತ್ತು.

ಸುಂಕದ ಅಧಿಕಾರಿ ಒಳ್ಳೆಯ ಮನುಷ್ಯ. ಚರ್ಮವನ್ನು ಯಾವ ವರ್ಗಕ್ಕೆ ಹಾಕಬೇಕೆಂಬುದು ಅವನಿಗೆ ಬಗೆಹರಿಯಲಿಲ್ಲ. ಚರ್ಮದ ಸಾಮಾನು ಎನ್ನೋಣವೆಂದರೆ ಚಪ್ಪಲಿಯಲ್ಲ, ಚೀಲವಲ್ಲ. ಉಡುಪು ಎನ್ನೋಣವೆಂದರೆ ಮುಖ, ಮೀಸೆ, ಉಗುರು ಇವೆ. ಸಾಕುಪ್ರಾಣಿ ಎನ್ನೋಣವೆಂದರೆ ಹೊಟ್ಟೆಯಲ್ಲಿ ಹತ್ತಿ. ಇದು ಬೆಕ್ಕೋ ನಾಯಿಯೋ, ಅಷ್ಟಾದರೂ ಹೇಳಿ ಎಂದ. ಎರಡೂ ಅಲ್ಲ ಎಂದೆ. ಅವನಿಗೆ ನನ್ನ ಮೇಲೆ ಬೇಸರವಾಯಿತು. ತಮಿಳು ಬಲ್ಲ ಇನ್ನೊಬ್ಬ ಬಂದು ಮರನಾಯಿ ಎಂದು ತೀರ್ಪು ಕೊಟ್ಟ. ನಾನು ನಾಯಿಯ ಚರ್ಮದ ಒಡೆಯನಾಗಿ ಸಿಂಹಳದೊಳಗೆ ಕಾಲಿಟ್ಟೆ. ವರ್ಗೀಕರಣವೆಂದರೆ ಹೀಗೇ. ಬಾಗಿಲಲ್ಲಿ ನಿಂತವನಿಗೆ ಅವಸರವಿರುತ್ತದೆ, ಒಳಗೆ ಹೋಗುವವನಿಗೆ ಹಸಿವಿರುತ್ತದೆ.

ಕ್ಯಾಂಡಿ

ಇಲ್ಲಿ ಎಲ್ಲಿ ನೋಡಿದರೂ ಹಸಿರು. ಮೊದಲ ದಿನ ಕಣ್ಣಿಗೆ ಹಿತ, ಎರಡನೆಯ ದಿನ ಬಯಲು ನೋಡಬೇಕು ಅನ್ನಿಸುತ್ತದೆ. ಬೆಳಗಾಗೆದ್ದು ಶಾವಿಗೆ ತಿನ್ನುತ್ತಾರೆ, ಅದಕ್ಕೆ ಸಕ್ಕರೆಯಿಲ್ಲ, ಹಾಲಿಲ್ಲ, ಮೀನಿನ ಸಾರು. ಅನ್ನ ಬೇಯುವಾಗ ರಂಪೆ ಎಂಬ ಉದ್ದನೆಯ ಎಲೆ ಹಾಕುತ್ತಾರೆ, ಮನೆಯೆಲ್ಲ ಅಂಬೆಮೋಹರ ಅಕ್ಕಿಯ ಘಮಲು. ಜೋಳ ಎಂಬ ಮಾತು ಯಾರಿಗೂ ಗೊತ್ತಿಲ್ಲ. ತಾನವ್ವ ಊರಿಂದ ತಂದ ಭಕ್ರಿಯನ್ನು ಚಿನ್ನದಂತೆ ಚೂರು ಮಾಡಿ ಹಂಚಿದಳು.

ತಂಡದವರೆಲ್ಲ ಬಂದದ್ದು ಇಲ್ಲಿಯ ಗುಡಿಯಲ್ಲಿರುವ ಬುದ್ಧನ ಪವಿತ್ರ ದಂತದ ದರ್ಶನಕ್ಕೆ. ನನ್ನ ಪೆಟ್ಟಿಗೆಯಲ್ಲಿದ್ದ ತಲೆಬುರುಡೆಯಲ್ಲಿ ನಲವತ್ತು ಹಲ್ಲು ಇದ್ದವು, ಆದರೆ ಅವುಗಳಿಗಾಗಿ ಯಾರೂ ಸಮುದ್ರ ದಾಟುವುದಿಲ್ಲ. ನಾನೂ ಹೂವು ಹಿಡಿದು ಸಾಲಿನಲ್ಲಿ ನಿಂತೆ. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ನಾವು ಯಾರು, ಯಾವ ಓಣಿಯವರು ಎಂದು ತಿರುಗಿ ಸಹ ನೋಡಲಿಲ್ಲ. ತಾನವ್ವ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು.

"ಏನರೆ ಬಿಟ್ಟು ಬಂದಿದ್ದೇನವ್ವ?" ಎಂದು ಕೇಳಿದೆ.

"ಏನಿಲ್ಲೋ. ಎರಡನೇ ಸಲಾನೂ ಬಿಡತಾರೇನು ನೋಡಿದೆ."

ಕಬ್ಬೆಕ್ಕುಗಳ ಚರ್ಮ ಇದ್ದದ್ದು ಒಬ್ಬ ನಿವೃತ್ತ ಡಾಕ್ಟರರ ಮನೆಯಲ್ಲಿ. ಪ್ರೊಫೆಸರರು ಮೊದಲೇ ಅವರಿಗೆ ತಿಳಿಸಿದ್ದರಿಂದ ಡಾಕ್ಟರು ಊಟಕ್ಕೇ ಕರೆದರು. ಸಂಜೆ ಊಟಕ್ಕೆ ಕೂತಾಗ ಮೇಲಿನ ಹಲಗೆಯ ಮೇಲೆ ಯಾರೋ ಧಡಧಡ ಓಡಿದರು. ನಾನು ಬೆಚ್ಚಿ ಮೇಲೆ ನೋಡಿದೆ. ಡಾಕ್ಟರು ಸಾರು ಬಡಿಸಿಕೊಳ್ಳುತ್ತ, "ಸಾದಾ ಕಬ್ಬೆಕ್ಕು. ನಾವು ಈ ಮನೆಗೆ ಬರುವ ಮೊದಲಿನಿಂದ ಇದೆ. ಮನೆ ಅದರದ್ದು" ಎಂದರು. ಬಂಗಾರದ್ದು ಮಾತ್ರ ಮನೆಗೆ ಬರುವುದಿಲ್ಲವಂತೆ, ಕಾಡಿನಲ್ಲೇ ಇರುತ್ತದಂತೆ. ಅಲ್ಲಿ ನನಗೆ ಮೊದಲ ಅನುಮಾನ ಬಂತು. ಅನ್ನದ ಜೊತೆ ನುಂಗಿಕೊಂಡೆ.

ಡಾಕ್ಟರರ ಹೆಂಡತಿ ಬಹಳ ಸೌಮ್ಯ ಸ್ವಭಾವದವರು. ನಾವೂ ಬೌದ್ಧರು ಎಂದು ಕೇಳಿ ಸಂತೋಷಪಟ್ಟರು. ಮೊಸರಿಗೆ ಬೆಲ್ಲದ ಪಾಕ ಹಾಕುತ್ತ, ನಿಮ್ಮ ಮನೆತನದವರು ಮೊದಲಿನಿಂದ ಏನು ಕೆಲಸ ಮಾಡಿಕೊಂಡು ಬಂದವರು ಎಂದು ಕೇಳಿದರು. ದನಿಯಲ್ಲಿ ಬೆಣ್ಣೆಯಿತ್ತು. ಆದರೆ ಪ್ರಶ್ನೆ ನನಗೆ ಹೊಸದಲ್ಲ. ಅಕ್ಕಲಕೋಟ ಸ್ಟೇಶನ್ನಿನಲ್ಲಿ ನೀರು ಕೇಳಿದರೆ ಇದನ್ನೇ ಸ್ವಲ್ಪ ಗಟ್ಟಿಯಾಗಿ ಕೇಳುತ್ತಾರೆ. ಬುದ್ಧನ ನಾಡಿನಲ್ಲೂ ಇದು ಬೆಳೆಯುತ್ತದೆಂದು ನಾನು ಎಣಿಸಿರಲಿಲ್ಲ. ಮನಸ್ಸಿಗೆ ಕೆಡುಕೆನಿಸಿತು.

"ಪ್ರಾಣಿಗಳ ಕೆಲಸ" ಎಂದೆ.

"ತಂದೆಯವರೂ?"

"ತಂದೆ ಬಿಟ್ಟರು. ಅಜ್ಜ, ಮುತ್ತಜ್ಜ ಎಲ್ಲ ಅದನ್ನೇ ಮಾಡಿದ್ದಾರೆ."

ವಂಶಪರಂಪರೆಯಾಗಿ ಪ್ರಾಣಿಶಾಸ್ತ್ರಜ್ಞರ ಮನೆತನ ಎಂದು ಆಕೆ ಗಂಡನಿಗೆ ಹೇಳಿದರು. ಇನ್ನಷ್ಟು ಮೊಸರು ಹಾಕಿದರು.

ಕ್ಯಾಂಡಿ, ಮರುದಿನ

ಡಾಕ್ಟರು ಕಿಟಕಿಯ ಬೆಳಕಿಗೆ ಮೇಜು ಎಳೆದು, ಬಂಗಾರದ ಕಬ್ಬೆಕ್ಕಿನ ಚರ್ಮಗಳನ್ನು ಸಾಲಾಗಿ ಇಟ್ಟು, ಅವುಗಳ ಪಕ್ಕ ನನ್ನದನ್ನು ಇಟ್ಟರು. ನನ್ನದೇ ಹೆಚ್ಚು ಬಂಗಾರವಾಗಿತ್ತು. ಅವುಗಳ ಬಣ್ಣ ಹಳೆಯ ಹಿತ್ತಾಳೆಯದು, ನನ್ನದರದು ಮದುಮಗನದು.

ಡಾಕ್ಟರು ಬಣ್ಣ ನೋಡಲಿಲ್ಲ. ಹೆಬ್ಬೆರಳಿನಿಂದ ಕುತ್ತಿಗೆಯ ಹಿಂಭಾಗ ಸವರಿದರು. ಬಂಗಾರದ್ದಕ್ಕೆ ಅಲ್ಲಿ ಕೂದಲು ತಲೆಯ ಕಡೆಗೆ ತಿರುಗಿರುತ್ತದೆ, ಹಿಮ್ಮುಖವಾಗಿ. ಸಾದಾದಕ್ಕೆ ಬಾಲದ ಕಡೆಗೆ. ಅವರ ಚರ್ಮಗಳೆಲ್ಲ ಹೆಬ್ಬೆರಳಿಗೆ ಎದುರು ನಿಂತವು. ನನ್ನದು ತಲೆ ಬಾಗಿ ಮಲಗಿತು. ಅವರು ಹತ್ತಿಯನ್ನು ಒದ್ದೆ ಮಾಡಿ, ಸ್ವಲ್ಪ ಸಾಬೂನು ಹಚ್ಚಿ, ಬೆನ್ನ ಮೇಲೆ ಒಂದು ಕಡೆ ಉಜ್ಜಿದರು.

ತುಪ್ಪಳ ಕೆಂಪಾಯಿತು.

ಡಾಕ್ಟರು ಹತ್ತಿ ನೋಡಿದರು, ತುಪ್ಪಳ ನೋಡಿದರು, ನನ್ನನ್ನು ನೋಡಿದರು. ಮೂವತ್ತು ವರ್ಷ ಕಬ್ಬೆಕ್ಕು ನೋಡಿದವರು ಅವರು, ಇಂಥದ್ದನ್ನು ಕಂಡಿರಲಿಲ್ಲ. ನನಗೆ ಮಾತ್ರ ಅದೇನೆಂದು ತಕ್ಷಣ ಗೊತ್ತಾಯಿತು. ಅರಿಶಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆಂದು ನಮ್ಮ ಕಡೆ ಮದುವೆಯ ಮರುದಿನ ಬಟ್ಟೆ ಒಗೆಯುವ ಪ್ರತಿ ಮನೆಗೂ ಗೊತ್ತು. ಇನ್ನೊಂದಿಷ್ಟು ಉಜ್ಜಿ ತೊಳೆದ ಮೇಲೆ ಕೆಂಪೂ ಹೋಯಿತು. ಕೆಳಗೆ ಬೂದುಬಣ್ಣ, ಅದರ ಮೇಲೆ ಅಚ್ಚುಕಟ್ಟಾದ ಕಪ್ಪು ಪಟ್ಟೆ. ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತಿನಲ್ಲಿ ನನ್ನ ಪ್ರಾಣಿ ಮೂರು ಬಗೆಯಾಗಿ ಕೊನೆಗೆ ಸಾದಾ ಆಗಿ ನಿಂತಿತು.

ಬೀರದೇವರಿಗೆ ಭಂಡಾರವೆಂದರೆ ಪ್ರಾಣ ಎಂದು ಡಾಕ್ಟರರಿಗೆ ವಿವರಿಸಿದೆ. ಅರಿಶಿಣದ ಪುಡಿಯನ್ನು ಹಿಡಿಹಿಡಿ ಮೇಲಕ್ಕೆ ಹಾರಿಸುತ್ತಾರೆ. ಮೇಲೆ ಹೋದದ್ದರಲ್ಲಿ ಸ್ವಲ್ಪ ಭಕ್ತರ ಮೇಲೆ ಬೀಳುತ್ತದೆ, ಉಳಿದದ್ದು ತೊಲೆಗಳ ಮೇಲೆ ಕೂರುತ್ತದೆ. ದೇವರ ಭಂಡಾರವನ್ನು ಯಾರೂ ಗುಡಿಸುವುದಿಲ್ಲ. ಅದರ ಮೇಲೆ ಈ ಪ್ರಾಣಿ ಹುಟ್ಟಿದಾಗಿನಿಂದ ಹೊರಳಾಡಿದೆ. ನಮ್ಮ ಕಡೆ ಮಳೆ ಕಡಿಮೆ. ಸುಲಿಯುವಾಗ ನನ್ನ ಕೈ ಹಳದಿಯಾಗಿತ್ತು, ಹೌದು. ನಮ್ಮಲ್ಲಿ ಕೈ ಹಳದಿಯಾಗುವುದು ಸುದ್ದಿಯಲ್ಲ.

ಡಾಕ್ಟರು ನಕ್ಕರು. ಒಳ್ಳೆಯ ನಗು, ಅದರಲ್ಲಿ ಕುಹಕವಿರಲಿಲ್ಲ. ಆಮೇಲೆ ಶಾಸ್ತ್ರದವರು ಕೇಳಲೇಬೇಕಾದದ್ದನ್ನು ಕೇಳಿದರು. "ಪ್ರಾಣಿ ಸಿಕ್ಕ ಮೇಲೆ ಅದು ವಾಸವಿದ್ದ ಜಾಗ ನೋಡುವುದು ಮೊದಲ ಪಾಠ. ಒಮ್ಮೆ ತಲೆಯೆತ್ತಿ ತೊಲೆ ನೋಡಿದ್ದರೆ ಸಾಕಿತ್ತು. ನೋಡಲಿಲ್ಲವೇ?"

"ಒಳಗೆ ಹೋಗಲಿಲ್ಲ."

"ಯಾಕೆ, ಬೀಗ ಹಾಕಿತ್ತೇ?"

"ಇಲ್ಲ. ತೆರೆದಿತ್ತು."

ಡಾಕ್ಟರು ಹತ್ತಿಯನ್ನು ತಟ್ಟೆಯಲ್ಲಿಟ್ಟರು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವರ ಹೆಂಡತಿ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ನಮ್ಮ ಮನೆತನ ಎಂಥ ಪ್ರಾಣಿಶಾಸ್ತ್ರದ್ದೆಂದು ಆಕೆಗೆ ಆಗ ತಿಳಿಯಿತು ಎಂದು ನನ್ನ ಅಂದಾಜು. ಚಹಾದ ಬಟ್ಟಲನ್ನು ನನ್ನ ಕೈಗೇ ಕೊಟ್ಟರು, ಮೇಜಿನ ಮೇಲೆ ಇಡಲಿಲ್ಲ. ಅದನ್ನು ನಾನು ಮರೆತಿಲ್ಲ.

ವಾಡಿ

ಸೊಲ್ಲಾಪುರಕ್ಕೆ ಮರಳಿದ ಮೇಲೆ ಪ್ರೊಫೆಸರರು ಎಲ್ಲ ಕೇಳಿ, ನಕ್ಷೆಯ ಮೇಲಿನ ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಅಳಿಸಿದರು. ಸಿಂಹಳ ಮತ್ತೆ ದ್ವೀಪವಾಯಿತು, ನಾನು ಮತ್ತೆ ಹಂಗಾಮಿಯಾದೆ.

ಪರದೇಶದ ಪ್ರವಾಸ ಅಲ್ಲಿಗೆ ಮುಗಿಯಿತು ಅನ್ನಬಹುದು. ನನಗೆ ಮಾತ್ರ ಇನ್ನೂ ಒಂದು ಊರು ಉಳಿದಿತ್ತು. ಮೊದಲ ರಜೆಯಲ್ಲಿ ವಾಡಿಗೆ ಹೋದೆ. ಈ ಸಲ ಯಾರೂ ಹೇಳಿ ಕಳಿಸಿರಲಿಲ್ಲ.

ಮಾಳಪ್ಪ ಗುಡಿಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ.

"ಏನೋ, ಮತ್ತೇನರೆ ಸತ್ತೈತೇನು?"

"ಇಲ್ಲ. ಒಳಗಿನ ತೊಲಿ ನೋಡಬೇಕು."

"ತೊಲಿ?"

"ಬೆಕ್ಕು ಎಲ್ಲಿ ಮಲಗತಿತ್ತು, ಅದು."

ಮಾಳಪ್ಪ ಆಚೀಚೆ ನೋಡಿದ. ಕೇಳೋಣವೆಂದರೆ ಸುತ್ತ ಯಾರೂ ಇರಲಿಲ್ಲ. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಗುಡಿಯೊಳಗ ಎಲ್ಲಾರ್ನೂ ಬಿಡಬೇಕಂತ ಕಾಯದಾ ಆಗೈತಂತಲ್ಲ" ಎಂದು ತಕಲಿಗೆ ಹೇಳಿದ. ದೀಕ್ಷೆಯ ದಿನ ಇಂಥ ದೇವರುಗಳನ್ನು ಪೂಜಿಸುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೆ. ತೊಲೆ ನೋಡುವುದಿಲ್ಲವೆಂದು ಕೊಟ್ಟಿರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಸಮುದ್ರ ದಾಟಿದ್ದು ಇದಕ್ಕಿಂತ ಸಲೀಸಾಗಿತ್ತು.

ದೇವರು ಎಡಕ್ಕಿದ್ದನೋ ಬಲಕ್ಕಿದ್ದನೋ ನಾನು ನೋಡಲಿಲ್ಲ. ತಲೆಯೆತ್ತಿ ಮೇಲೆ ನೋಡಿದೆ. ತೊಲೆ, ಜಂತೆ, ಜೇಡರ ಬಲೆ ಎಲ್ಲ ಹಳದಿ. ಮೂಲೆಯಲ್ಲಿ ಒಂದು ಹಳದಿ ಮೂತಿ 'ಯಾರದು' ಅನ್ನುವಂತೆ ಕೆಳಗೆ ಇಣುಕಿ, ಬೇಸರಪಟ್ಟು ಒಳಗೆ ಸರಿಯಿತು. ಸತ್ತದ್ದರ ಮಗನೋ ಮಗಳೋ ಇರಬೇಕು. ಅಷ್ಟರಲ್ಲಿ ಮಾಳಪ್ಪ ಹಿಂದೆ ಬಂದಿದ್ದ. ಒಳಗೆ ಬಂದವರ ಮೇಲೆ ಭಂಡಾರ ಹಾರಿಸುವುದು ಅವನ ರೂಢಿ. ಅವನ ಕೈ ತಾನಾಗಿ ಬುಟ್ಟಿಗೆ ಹೋಯಿತು, ಹಿಡಿ ತುಂಬಿ ಮೇಲಕ್ಕೆ ಎಸೆಯಿತು. ಒಳಗೆ ಬಂದವನು ಯಾರೆಂದು ಕೈಗೆ ಗೊತ್ತಿರಲಿಲ್ಲ. ಹಳದಿ ಪುಡಿ ನಿಧಾನವಾಗಿ ಇಳಿದು ನನ್ನ ತಲೆ, ಹುಬ್ಬು, ಬಿಳಿ ಅಂಗಿಯ ಮೇಲೆ ಕೂತಿತು. ಮಾಳಪ್ಪ ತನ್ನ ಕೈಯನ್ನು ನೋಡಿಕೊಂಡು ನಿಂತ.

ಹಾಗೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬಂದೆ. ಯಾವುದೋ ಹರಕೆ ತೀರಿಸಿ ಬಂದವನೆಂದು ಬಸ್ಸಿನಲ್ಲಿ ಜಾಗ ಬಿಟ್ಟರು.

ಅಪ್ಪನ ಪಾಳಿ ಮುಗಿದಿತ್ತು. ಖೋಲಿಯ ಬಾಗಿಲಲ್ಲಿ ಕೂತಿದ್ದ, ಅವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಮನೆಯ ರೂಢಿಯಂತೆ ಅವ್ವನಿಗೇ ಹೇಳಿದೆ.

"ಅಪ್ಪಗ ಹೇಳವ್ವ. ಬೆಕ್ಕು ಸಾದಾದ್ದು. ನೌಕರಿ ಕಾಯಂ ಆಗಲಿಲ್ಲ. ಇವತ್ತ ನಾ ಬೀರದೇವರ ಗುಡಿ ಒಳಗ ಹೋಗಿದ್ದೆ. ಕೈ ಮುಗಿದಿಲ್ಲ, ತೊಲಿ ನೋಡಿ ಬಂದೆ."

ಅಪ್ಪ ಅವ್ವನ ಕಡೆ ತಿರುಗಿದ.

"ಅವಗ ಕೇಳು," ಎಂದ, "ಯಾರು ಕರದಿದ್ರಂತ."

"ಯಾರೂ ಕರದಿಲ್ಲ. ನಾನ ಹ್ವಾದೆ."

ಅಪ್ಪ ಎದ್ದು ಹಂಡೆಯಿಂದ ನೀರು ಮೊಗೆದ. ತಂಬಿಗೆ ಹಿಡಿದು ನನ್ನ ಎದುರು ಬಂದು ನಿಂತ.

"ಬಗ್ಗು, ನೀರು ಹಾಕತೀನಿ. ತೊಳಕೊ. ಇಲ್ಲಾಂದ್ರ ನಿನ್ನೂ ಯಾರರೆ ಪೆಟಗ್ಯಾಗ ಹಾಕ್ಕೊಂಡು ಸಿಂಹಳಕ್ಕ ಒಯ್ದಾರು."

ಅವ್ವ ಅಕ್ಕಿಯ ಮೊರ ಎತ್ತಿಕೊಂಡು ನಮ್ಮಿಬ್ಬರ ನಡುವಿನಿಂದ ಎದ್ದು ಒಲೆಯ ಕಡೆ ಹೋದಳು.